ನೀರೋ ಮುಖದ ನಾಣ್ಯ: ಚಿನ್ನ ಅಸಲಿ, ನಾಣ್ಯ ನಕಲಿ

ಹಳೇ ನಾಣ್ಯ ಕೊಳ್ಳುವ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ನಾನಿರುವುದು ಮ್ಯೂನಿಕ್‌ನಲ್ಲಿ. ಮೂರು ವರ್ಷದ ಹಿಂದೆ ಇಲ್ಲಿನ ಒಂದು ಶನಿವಾರದ ಸಂತೆಯಲ್ಲಿ 2,800 ಯೂರೋ ಕೊಟ್ಟು ರೋಮ್‌ನ ನೀರೋ ಚಕ್ರವರ್ತಿಯ ಚಿನ್ನದ ನಾಣ್ಯ ಕೊಂಡೆ. ಆರಿಯಸ್ ಅಂತಾರೆ ಅದನ್ನು. ವರ್ಷಗಟ್ಟಲೆ ಕೂಡಿಟ್ಟಿದ್ದ ದುಡ್ಡು ಹೋಯಿತು.

ಮಾರುವವನದು ಮೆತ್ತಗಿನ ಮಾತು. ನಾನು ಭಾರತದವನು ಅಂತ ಗೊತ್ತಾದದ್ದೇ ತಡ, "ಇದು ನಿಮ್ಮ ಕಡೆಯೇ ಸಿಕ್ಕಿದ್ದು, ನಿಮ್ಮ ಮೆಣಸಿಗೆ ರೋಮನ್ನರು ಕೊಟ್ಟ ದುಡ್ಡು" ಅಂದ. ನಾನು ಕರಗಿಹೋದೆ. ನಂಬುವ ಮಾತೇ ಅಲ್ವಾ? ತಮಿಳುನಾಡಿನ ಪುದುಕ್ಕೋಟೆಯ ಹತ್ತಿರ 1898ರಲ್ಲಿ ಒಂದೇ ಕಡೆ 501 ರೋಮನ್ ಚಿನ್ನದ ನಾಣ್ಯ ಸಿಕ್ಕಿದ್ದವು. ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲೂ ಸಿಕ್ಕಿವೆ.

ಹತ್ತಿರದ ಚಿನ್ನದಂಗಡಿಗೆ ಅವನೇ ಜೊತೆಗೆ ಬಂದ. ಒರೆಗೆ ಹಚ್ಚಿದರು, ತೂಗಿದರು. ಅಪ್ಪಟ ಚಿನ್ನ, 7.3 ಗ್ರಾಂ. ನಾನು ಎಡವಿದ್ದು ಇಲ್ಲೇ. ಆ ಚಿನ್ನದ ಬೆಲೆ ನಾನು ಕೊಟ್ಟದ್ದರ ಕಾಲು ಭಾಗವೂ ಇರಲಿಲ್ಲ. ಅಷ್ಟು ಲಾಭ ಇರುವಾಗ ನಕಲಿ ಮಾಡುವವನು ಹಿತ್ತಾಳೆ ಯಾಕೆ ಹಾಕ್ತಾನೆ?

ಆರು ತಿಂಗಳಾದ ಮೇಲೆ, ನಲವತ್ತು ವರ್ಷದಿಂದ ನಾಣ್ಯ ಸಂಗ್ರಹಿಸುತ್ತಿರುವ ಒಬ್ಬ ಹಿರಿಯರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವನಿಗೆ ಇಲ್ಲಿ ವಯಸ್ಸೆಷ್ಟು?"

ನೀರೋ ಪಟ್ಟಕ್ಕೆ ಬಂದಿದ್ದು ಕ್ರಿ.ಶ. 54ರಲ್ಲಿ, 16ರ ವಯಸ್ಸಿಗೆ. ಮೊದಮೊದಲ ನಾಣ್ಯಗಳಲ್ಲಿ ತೆಳ್ಳಗಿನ ಹುಡುಗ, ತಲೆಯ ಮೇಲೆ ಕಿರೀಟವಿಲ್ಲ. 64ರಲ್ಲಿ ಅವನು ಆರಿಯಸ್‌ನ ತೂಕ ಇಳಿಸಿದ. ಸುಮಾರು 7.6 ಗ್ರಾಂ ಇದ್ದದ್ದು 7.3ರ ಆಸುಪಾಸಿಗೆ ಬಂತು. ಆಮೇಲಿನ ನಾಣ್ಯಗಳಲ್ಲಿ ಮುಖ ಊದಿಕೊಂಡಿದೆ, ಕತ್ತು ದಪ್ಪ, ತಲೆಗೆ ಎಲೆಯ ಕಿರೀಟ. ಸಿಂಹಾಸನದ ಮೇಲೆ ಕೂತ ಜುಪಿಟರ್ ದೇವರ ಚಿತ್ರ ಹಿಂಬದಿಗೆ ಬಂದಿದ್ದೂ ಆಮೇಲೆಯೇ.

ನನ್ನದರಲ್ಲಿ ಮುಂದೆ ಬರಿದಲೆಯ ಹುಡುಗ, ಹಿಂದೆ ಜುಪಿಟರ್. ತೂಕವೂ ಆಮೇಲಿನದೇ. ಎರಡು ಬೇರೆ ಬೇರೆ ನಾಣ್ಯಗಳಿಂದ ಅಚ್ಚು ತೆಗೆದು ಜೋಡಿಸಿದ್ದಾರೆ ಅಂದರು. ಕಿವಿಯ ಕೆಳಗೆ ಕೂದಲೆಳೆಯಷ್ಟು ಗೀರು ಇತ್ತು. ಅದನ್ನು ನೋಡಿಯೇ ನಾನು ಹಳೆಯದು ಅಂತ ನಂಬಿದ್ದೆ. ಅವರು ತಮ್ಮ ಫೈಲಿನಿಂದ ಇನ್ನೊಂದು ನಕಲಿಯ ಫೋಟೋ ತೆಗೆದರು. ಅದೇ ಜಾಗದಲ್ಲಿ, ಅದೇ ಗೀರು! ಅಂದರೆ ಎರಡೂ ಒಂದೇ ಅಚ್ಚಿನವು. ನನಗೆ ಮಾತೇ ಹೊರಡಲಿಲ್ಲ.

ಇನ್ನೊಂದು ಮಾತು. "ಭಾರತದಲ್ಲಿ ಸಿಕ್ಕಿದ್ದು" ಅಂತ ಯಾರಾದರೂ ಹೊರದೇಶದಲ್ಲಿ ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ. ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದು ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಅಪರಾಧ. ಅವನ ಕಥೆ ನಿಜವೇ ಆಗಿದ್ದರೂ ನನ್ನ ಕೈಯಲ್ಲಿ ಇರುತ್ತಿದ್ದದ್ದು ಬಹುಶಃ ಕಳ್ಳಮಾಲು.

ರಸೀದಿ ಕೇಳಿರಲಿಲ್ಲ. ನಾಲ್ಕು ಶನಿವಾರ ಸಂತೆಗೆ ಹೋಗಿ ಹುಡುಕಿದೆ. ಆ ಜಾಗದಲ್ಲಿ ಈಗ ಒಬ್ಬರು ಹಳೇ ದೀಪ ಮಾರ್ತಾರೆ.