ಹಳೆ ಜುಮುಕಿಯ ಬುಕ್‌ಮಾರ್ಕ್ ಮಾಡೋ ಮುಂಚೆ ಇದನ್ನೊಮ್ಮೆ ಓದಿ

ಹಳೆ ಒಡವೆಗೆ ರಿಬ್ಬನ್ ಕಟ್ಟಿ ಬುಕ್‌ಮಾರ್ಕ್ ಮಾಡುವ ವಿಡಿಯೋ ನೋಡಿ ಕೈ ತುರಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ನಾನು ಮಾಡಿ, ಊರಿಗೆಲ್ಲ ಹಂಚಿ, ದೊಡ್ಡಮ್ಮನ ಪಾರಾಯಣದ ಪುಸ್ತಕ ಹಾಳು ಮಾಡಿ ಕೂತಿದ್ದೇನೆ.

ನಮ್ಮ ಮನೆ ಸಾಗರದಲ್ಲಿ. ಮೇ ತಿಂಗಳಲ್ಲಿ ಬೀರು ಚೊಕ್ಕ ಮಾಡುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಂಟಿ ಜುಮುಕಿಗಳು, ಕೊಂಡಿ ಕಿತ್ತ ಸರ, ಹರಳು ಉದುರಿದ ಪದಕ, ಎಲ್ಲ ಜಾತ್ರೆಯಲ್ಲಿ ಕೊಂಡ ಗಿಲೀಟಿನವು. ರಿಬ್ಬನ್ನಿಗೇನು ಬರ, ಗಿಫ್ಟ್ ಡಬ್ಬಿಗಳಿಂದ ಬಿಚ್ಚಿಟ್ಟದ್ದು ಒಂದು ರಾಶಿಯೇ ಇತ್ತು. ಎರಡು ದಿನ ಕೂತು 14 ಮಾಡಿದೆ, ತಮ್ಮನ ಮನೆಯ ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ 11 ಕೊಟ್ಟೂ ಆಯಿತು. ಎಲ್ಲರೂ ಹೊಗಳಿದರು. ನಾನೂ ಉಬ್ಬಿದೆ.

ಆಗಸ್ಟಿನಲ್ಲಿ ದೊಡ್ಡಮ್ಮ ಫೋನ್ ಮಾಡಿದರು. "ಇದೆಂತದೇ, ಪುಸ್ತಕದಲ್ಲಿ ಪಾಚಿ ಕಟ್ಟಿದೆಯಲ್ಲ?"

ಹೋಗಿ ನೋಡಿದರೆ ಪಾಚಿಯಲ್ಲ, ಕಿಲುಬು. ಅವರ ಅತ್ತೆಯ ಕಾಲದ ಪುಸ್ತಕ ಅದು. ಎರಡೂ ಪುಟದಲ್ಲಿ ಜುಮುಕಿಯ ಆಕಾರ ಹಾಗೇ ಹಸಿರಾಗಿ ಅಚ್ಚೊತ್ತಿ, ಹಿಂದಿನ ಐದಾರು ಹಾಳೆಗೂ ಇಳಿದಿತ್ತು. ಕೆಂಪು ರಿಬ್ಬನ್ ಬೇರೆ ಬಣ್ಣ ಬಿಟ್ಟು, ಒದ್ದೆ ಕುಂಕುಮ ಚೆಲ್ಲಿದ ಹಾಗಿತ್ತು. ಮೇಲೆ ಇನ್ನೆರಡು ದಪ್ಪ ಪುಸ್ತಕ ಹೇರಿಟ್ಟಿದ್ದರಿಂದ ಹಾಳೆಗಳು ತಗ್ಗು ಬಿದ್ದು, ನಡುವಿನ ಹೊಲಿಗೆಯೂ ಸಡಿಲ. ನಾಲ್ಕು ಬೈದಿದ್ದರೆ ಸಮಾಧಾನ ಆಗುತ್ತಿತ್ತು. "ಅಕ್ಷರ ಕಾಣ್ತದೆ ಬಿಡೇ" ಅಂದುಬಿಟ್ಟರು.

ತಪ್ಪು ಎಲ್ಲಿ ಆಯ್ತು ಅಂತ ಆಮೇಲೆ ಯೋಚಿಸಿದರೆ, ನಾನು ತುಂಬಾ ಜಾಣತನ ಅಂದುಕೊಂಡು ಮಾಡಿದ ಕೆಲಸದಲ್ಲೇ. ಗಿಲೀಟಿನ ಒಡವೆಯ ಒಳಗೆ ಇರೋದು ಹೆಚ್ಚಾಗಿ ಹಿತ್ತಾಳೆ ಅಥವಾ ತಾಮ್ರ, ಮೇಲೆ ಚಿನ್ನದ ಬಣ್ಣದ ತೆಳ್ಳನೆ ಪದರ ಅಷ್ಟೇ. ಅದು ಮಂಕಾಗಿತ್ತು ಅಂತ ದೇವರ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಎಲ್ಲವನ್ನೂ ತಿಕ್ಕಿದ್ದೆ. ಥಳಥಳ ಹೊಳೆಯಿತು ನಿಜ. ಆದರೆ ಉಳಿದಿದ್ದ ಪದರವೂ ಹೋಯಿತು, ಕುಸುರಿ ಕೆಲಸದ ಸಂದಿಗಳಲ್ಲಿ ಹುಳಿ, ಉಪ್ಪು ಎರಡೂ ಉಳಿದವು. ತಾಮ್ರಕ್ಕೆ ಹುಳಿ, ಉಪ್ಪು, ತೇವ ಒಟ್ಟಿಗೆ ಸಿಕ್ಕರೆ ಕಿಲುಬು ಹಿಡಿಯದೆ ಇರುತ್ತದಾ? ದೀಪವನ್ನಾದರೆ ಒರೆಸುತ್ತೇವೆ, ಮತ್ತೆ ತಿಕ್ಕುತ್ತೇವೆ. ಇದು ಎರಡು ತಿಂಗಳ ಮಲೆನಾಡು ಮಳೆಯಲ್ಲಿ, ಬಟ್ಟೆಯೇ ಒಣಗದ ಹವೆಯಲ್ಲಿ, ಹಾಳೆಗೆ ಒತ್ತಿಕೊಂಡು ಕೂತಿತ್ತು. ಬಣ್ಣ ಇಲ್ಲದ ನೇಲ್ ಪಾಲಿಶ್ ಬಳಿದರೆ ಸಾಕು ಅಂತ ವಿಡಿಯೋದಲ್ಲಿ ಹೇಳಿದ್ದರು, ಬಳಿದಿದ್ದೆ. ಅಂಚಿನಲ್ಲೆಲ್ಲ ಸಿಪ್ಪೆಯ ಹಾಗೆ ಎದ್ದಿತ್ತು. ಕಲೆ ತೆಗೆಯೋಕೆ ನಿಂಬೆಹಣ್ಣು ಗಿಣ್ಣು ಹಚ್ಚಬೇಡಿ, ಹಳೆ ಕಾಗದಕ್ಕೆ ಹುಳಿಯೇ ದೊಡ್ಡ ಶತ್ರು. ತಾಮ್ರದ ಕಲೆ ಇದ್ದ ಜಾಗದಲ್ಲಿ ಕಾಗದ ಬರಬರುತ್ತಾ ಪುಡಿಯಾಗುತ್ತದಂತೆ, ಅದನ್ನು ಓದಿದಾಗಿನಿಂದ ಇನ್ನೂ ಸಂಕಟ.

ಅಂಟಿನದು ಬೇರೆಯೇ ಕಥೆ. ಕ್ಷಣದಲ್ಲಿ ಹಿಡಿಯುವ ಪುಟ್ಟ ಟ್ಯೂಬಿನ ಅಂಟು ಹಾಕಿದೆ, ಕೈಗೆ ಮೆತ್ತಿದ್ದನ್ನು ಹತ್ತಿಯಲ್ಲಿ ಒರೆಸೋಕೆ ಹೋದರೆ ಹತ್ತಿ ಬಿಸಿಯಾಗಿ ಬೆರಳು ಸುಟ್ಟಿತು. ಆ ಅಂಟಿಗೂ ಹತ್ತಿಗೂ ಆಗೋದಿಲ್ಲ, ಹೊಗೆ ಬರುವಷ್ಟು ಕಾಯಬಹುದು. ಹರಳಿನ ಮೇಲೆ ಬಿಳಿ ಮಬ್ಬು ಬೇರೆ ಕೂತಿತು.

ಆದರೂ ಮಾಡಲೇಬೇಕು ಅನ್ನುವವರು ಇಷ್ಟಾದರೂ ಮಾಡಿ. ಲೋಹ ಯಾವ ಕಾರಣಕ್ಕೂ ಪುಟದ ಒಳಗೆ ಹೋಗಬಾರದು. ರಿಬ್ಬನ್ ಪುಸ್ತಕಕ್ಕಿಂತ ನಾಲ್ಕು ಬೆರಳು ಉದ್ದ ಇರಲಿ, ಜುಮುಕಿ ಹೊರಗೆ ನೇತಾಡಲಿ, ಅದನ್ನು ಅಂಟಿಸದೆ ಹೊಲಿಯಿರಿ. ರಿಬ್ಬನ್ನನ್ನು ಮೊದಲು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಟ್ಟರೆ ಜಡೆಗೆ ಕಟ್ಟಿಕೊಳ್ಳಿ. ಚಿಕ್ಕ ಮಕ್ಕಳಿಗೆ ಕೊಡಲೇಬೇಡಿ. ಅಗ್ಗದ ಒಡವೆಯಲ್ಲಿ ಸೀಸ ಇರಬಹುದು, ಮಕ್ಕಳ ಕೈ ಸುಮ್ನೆ ಇರೋದಿಲ್ಲ, ಎಲ್ಲ ಬಾಯಿಗೇ ಹೋಗುತ್ತದೆ. ಮತ್ತೆ, ಅಜ್ಜಿಯ ಡಬ್ಬಿಯಿಂದ ತೆಗೆದದ್ದಾದರೆ ಮೊದಲು ಅಕ್ಕಸಾಲಿಗರ ಹತ್ತಿರ ಒರೆಗಲ್ಲಿಗೆ ಹಚ್ಚಿಸಿ. ಗಿಲೀಟು ಅಂದುಕೊಂಡದ್ದೆಲ್ಲ ಗಿಲೀಟೇ ಆಗಿರಬೇಕು ಅಂತಿಲ್ಲ.

ದೊಡ್ಡಮ್ಮ ಈಗ ಪುಟಕ್ಕೆ ಹಳೆ ಕ್ಯಾಲೆಂಡರಿನ ಪಟ್ಟಿ ಇಡುತ್ತಾರೆ. ನನ್ನ ಜುಮುಕಿ ಅವರ ಬೀಗದ ಕೈ ಗೊಂಚಲಿನಲ್ಲಿದೆ. ಕೊಟ್ಟ 11ರಲ್ಲಿ ಅದೂ ಸೇರಿ ಒಂಬತ್ತು ಪುಸ್ತಕದಿಂದ ಹೊರಗೆ ಬಂದವು, ಎರಡು ಯಾರ ಕೈ ಸೇರಿದವೋ ನೆನಪಾಗುತ್ತಿಲ್ಲ. ಒಂದು ನೀಲಿ ರಿಬ್ಬನ್ನಿನ ನವಿಲು ಪದಕ, ಇನ್ನೊಂದು ಹಸಿರು ರಿಬ್ಬನ್ನಿಗೆ ಒಂಟಿ ಲೋಲಾಕು. ಗೃಹಪ್ರವೇಶಕ್ಕೆ ಬಂದಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತೇ ಪುಸ್ತಕದಿಂದ ತೆಗೆದುಬಿಡಿ.