ಹುಲ್ಲು ಗುರುತಿಸೋಕೆ 10 ಪಟ್ಟಿನ ಹ್ಯಾಂಡ್ ಲೆನ್ಸ್: ಎರಡು ಮಳೆಗಾಲ ಬಳಸಿದ ಮೇಲೆ

ಹುಲ್ಲುಗಾವಲಿನ ಹುಲ್ಲು ಕಲಿಯಬೇಕು ಅಂತಿದ್ದರೆ ಮೊದಲು ಇದನ್ನು ತಗೊಳ್ಳಿ, ಪುಸ್ತಕ ಆಮೇಲೆ. ನನ್ನ ಹತ್ತಿರ ಇರುವುದು 10 ಪಟ್ಟು ದೊಡ್ಡದು ಮಾಡಿ ತೋರಿಸುವ, 21 ಮಿಲಿಮೀಟರ್ ಅಗಲದ, ಮಡಚಿ ಜೇಬಿಗೆ ಹಾಕುವ ಲೆನ್ಸ್. ಒಳಗೆ ಮೂರು ಗಾಜು ಸೇರಿಸಿರುವ ಟ್ರಿಪ್ಲೆಟ್. ಹಾಗಾಗಿ ಅಂಚಿನಲ್ಲೂ ಚಿತ್ರ ಸೊಟ್ಟ ಆಗಲ್ಲ, ಬಣ್ಣ ಕದಡಲ್ಲ.

ತೆನೆ ಇದ್ದರೆ ಹುಲ್ಲು ಗುರುತಿಸುವುದು ಅಷ್ಟು ಕಷ್ಟ ಅಲ್ಲ. ಆದರೆ ದನ, ಕುರಿ ಮೇಯ್ದ ಜಾಗದಲ್ಲಿ ತೆನೆ ಎಲ್ಲಿ ಉಳಿದಿರುತ್ತೆ? ಬರೀ ಎಲೆ. ಅದರ ಫೋಟೋ ತೆಗೆದು ಫೋನಿನ ಆ್ಯಪ್‌ಗೆ ಕೊಟ್ಟರೆ ಒಂದೇ ಗಿಡಕ್ಕೆ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತೆ. ಆಗ ನೋಡಬೇಕಾದ್ದು ಎಲೆ ದಂಟನ್ನು ಬಿಟ್ಟು ಹೊರಗೆ ಬಾಗುವ ಜಾಗ. ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದರೆ ಒಳಗಡೆ ಲಿಗ್ಯೂಲ್ ಅನ್ನುವ ಪುಟ್ಟ ಭಾಗ ಸಿಗುತ್ತೆ. ಬರಿಗಣ್ಣಿಗೆ ಅದೊಂದು ಬಿಳಿ ಗೆರೆ ಅಷ್ಟೇ. ಲೆನ್ಸ್ ಹಿಡಿದ ತಕ್ಷಣ ಗರಿಕೆಯಲ್ಲಿ ಸಣ್ಣ ಬಿಳಿ ಕೂದಲ ಸಾಲು ಕಾಣುತ್ತೆ. ಡಿಜಿಟೇರಿಯಾ ಅನ್ನುವ ಬಳಗದ ಹುಲ್ಲುಗಳಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳು ಪೊರೆ ಇರುತ್ತೆ. ಊದಲಿನ ಬಳಗದ ಕಳೆಹುಲ್ಲುಗಳಲ್ಲಿ ಹೆಚ್ಚಾಗಿ ಏನೂ ಇರಲ್ಲ, ಸುಮ್ನೆ ನುಣ್ಣಗಿರುತ್ತೆ. ಆ ಖಾಲಿ ಜಾಗವೇ ಅದರ ಗುರುತು! ಮೊದಲ ಸಲ ಇದನ್ನು ನೋಡಿದ ದಿನ ನಾನು ಅಲ್ಲೇ ಮಂಡಿಯೂರಿ ಕೂತು ಸುತ್ತಲಿನ ಹುಲ್ಲನ್ನೆಲ್ಲ ಒಂದೊಂದಾಗಿ ಕಿತ್ತು ನೋಡಿದ್ದೆ.

ಹುಲ್ಲಿನ ಹಾಗೆ ಕಾಣುವ ಆದರೆ ಹುಲ್ಲಲ್ಲದ ಗಿಡಗಳ ವಿಷಯದಲ್ಲೂ ಇದು ತುಂಬಾ ಕೆಲಸಕ್ಕೆ ಬರುತ್ತೆ. ಜೇಕನ್ನು ಬೆರಳುಗಳ ಮಧ್ಯೆ ಉರುಳಿಸಿದರೆ ಮೂರು ಅಂಚು ಕೈಗೆ ಸಿಗುತ್ತೆ, ಎಲೆಗಳೂ ಮೂರು ಸಾಲಲ್ಲಿ ಬರುತ್ತವೆ. ಹುಲ್ಲಿನ ಎಲೆ ಎರಡೇ ಸಾಲು. ಆದರೆ ಜೇಕಿನ ಬಳಗದಲ್ಲೇ ದುಂಡು ದಂಟಿನವೂ ಇವೆ, ಬರೀ ಕೈ ನಂಬಿದರೆ ತಪ್ಪಾಗುತ್ತೆ. ಹುಲ್ಲಿನ ದಂಟು ಟೊಳ್ಳು ಅಂತಾರೆ, ಅದೂ ಪೂರ್ತಿ ನಿಜ ಅಲ್ಲ, ಜೋಳದ ಬಳಗದ ಎಷ್ಟೋ ಹುಲ್ಲುಗಳಲ್ಲಿ ಒಳಗೆ ಬೆಂಡು ತುಂಬಿರುತ್ತೆ, ಅದಕ್ಕೇ ದಂಟಿನಲ್ಲಿ ಹುಲ್ಲಿಗಿರುವಂಥ ಗಿಣ್ಣು ಇದೆಯಾ ಅಂತಲೂ ನೋಡಬೇಕು. ಇನ್ನು ಹುಲ್ಲಿನ ಹಾಗೇ ಕಾಣುವ ಜಂಕಸ್ ಅನ್ನುವ ಗಿಡ ಬಂದರೆ ಲೆನ್ಸ್ ಇಲ್ಲದೆ ಆಗಲ್ಲ. ಅದರ ಕಂದು ಬಣ್ಣದ ಪುಟ್ಟ ಹೂವಲ್ಲಿ ಆರು ಎಸಳು ಎಣಿಸಬಹುದು, ಮಧ್ಯದ ಕಾಯಿ ಒಡೆದರೆ ಧೂಳಿನಂಥ ಬೀಜಗಳು. ಹುಲ್ಲಿನಲ್ಲಿ ಒಂದು ಹೂವಿಗೆ ಒಂದೇ ಕಾಳು.

ಹಿಡಿಯೋ ರೀತಿ ಮುಖ್ಯ. ಲೆನ್ಸನ್ನು ಕಣ್ಣಿಗೆ ಅಂಟುವಷ್ಟು ಹತ್ತಿರ ಇಟ್ಟು ಗಿಡವನ್ನು ಅದರ ಹತ್ತಿರಕ್ಕೆ ತರಬೇಕು. ಎರಡೂ ಕೈ ಒಂದಕ್ಕೊಂದು ತಾಗಿರಲಿ, ಗಾಳಿಗೆ ಅಲುಗಾಡಲ್ಲ.

ಇದಕ್ಕಿಂತ ಮೊದಲು ಆನ್‌ಲೈನ್‌ನಲ್ಲಿ ಒಂದು ಲೆನ್ಸ್ ತರಿಸಿದ್ದೆ. ಮೇಲೆ 30 ಪಟ್ಟು ಅಂತ ಅಚ್ಚು. ಆದರೆ ಎಲೆ ಸುಮಾರು 8 ಸೆಂಟಿಮೀಟರ್ ದೂರದಲ್ಲಿದ್ದಾಗಲೇ ಸ್ಪಷ್ಟವಾಗುತ್ತಿತ್ತು. ಲೆಕ್ಕ ಸುಲಭ: ಬರಿಗಣ್ಣಿಗೆ ಆರಾಮಾಗಿ ಸ್ಪಷ್ಟ ಕಾಣುವ ದೂರ ಅಂತ ಹಿಡಿಯುವ 25 ಸೆಂಟಿಮೀಟರನ್ನು ಆ ದೂರದಿಂದ ಭಾಗಿಸಿ. ಬಂದಿದ್ದು ಬರೀ 3. ಮಾರಿದವರು ವಾಪಸ್ ತಗೊಳ್ಳಲಿಲ್ಲ, ಬೇಜಾರಾಯಿತು. ನಿಜವಾದ 10 ಪಟ್ಟಿನದ್ದು ಎರಡೂವರೆ ಸೆಂಟಿಮೀಟರ್‌ನಲ್ಲಿ ಸ್ಪಷ್ಟವಾಗಬೇಕು, ಕೊಂಡ ದಿನವೇ ಸ್ಕೇಲ್ ಇಟ್ಟು ನೋಡಿ. 20 ಪಟ್ಟಿನದನ್ನೂ ಬಳಸಿ ನೋಡಿದೆ. ಒಂದು ಸೆಂಟಿಮೀಟರ್ ಚಿಲ್ಲರೆ ಅಷ್ಟೇ ದೂರ, ಬೆಳಕು ಸಾಲಲ್ಲ, ಕಾಣುವ ಜಾಗವೂ ಚಿಕ್ಕದು. ಜಾಸ್ತಿ ಪಟ್ಟು ಅಂದರೆ ಜಾಸ್ತಿ ಒಳ್ಳೆಯದು ಅಂತ ಅಲ್ಲ.

ಕೊರತೆ ಅಂದರೆ ಮಡಚುವ ಜಾಗದ ಸ್ಕ್ರೂ. ಆರು ತಿಂಗಳಿಗೇ ಸಡಿಲ ಆಯ್ತು, ಈಗ ಆಗಾಗ ಬಿಗಿ ಮಾಡ್ತೀನಿ. ಇನ್ನೊಂದು, ಬೆಳ್ಳಿ ಬಣ್ಣದ ಚೌಕಟ್ಟು ಹುಲ್ಲಲ್ಲಿ ಬಿದ್ದರೆ ಸಿಗೋದೇ ಇಲ್ಲ. ಕೆಂಪು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ.