ಒಂದೇ ಗಾಜು, ಮೂರು ಗಾಜು, ಮೂರು ವಲಯದ ಗಾಜು: ಪಡುವಣ ಕಿಟಕಿಯಲ್ಲೊಂದು ಹೋಲಿಕೆ

ಬೆಂಗಳೂರಿನ ನಮ್ಮ ವಿನ್ಯಾಸ ಕಚೇರಿಯ ಪಡುವಣ ಗೋಡೆಯಲ್ಲಿ ಒಂದೇ ಅಳತೆಯ ಮೂರು ಕಿಟಕಿಗಳಿವೆ. ಒಂದೊಂದರ ಅಗಲ 1.2 ಮೀಟರ್, ಎತ್ತರ 2.4 ಮೀಟರ್, ನೆಲದಿಂದ 30 ಸೆಂಟಿಮೀಟರ್ ಬಿಟ್ಟು ಗಾಜು ಆರಂಭವಾಗುತ್ತದೆ. ಗ್ರಾಹಕರೊಬ್ಬರ ಕಟ್ಟಡಕ್ಕೆ ಎಲೆಕ್ಟ್ರೋಕ್ರೋಮಿಕ್ ಗಾಜನ್ನು, ಅಂದರೆ ವಿದ್ಯುತ್ತು ಕೊಟ್ಟಾಗ ಕಪ್ಪಾಗುವ ಗಾಜನ್ನು, ಸೂಚಿಸುವ ಮೊದಲು ಅದರ ಜೊತೆ ನಾವೇ ಕೆಲವು ತಿಂಗಳು ಬಾಳಿ ನೋಡಬೇಕೆನಿಸಿತು. ಹಾಗಾಗಿ ಮೊದಲ ಕಿಟಕಿಗೆ ಇಡಿಯಾಗಿ ಕಪ್ಪಾಗುವ ಒಂದೇ ಗಾಜನ್ನೂ, ಎರಡನೆಯದಕ್ಕೆ ಅಲ್ಯುಮಿನಿಯಂ ಅಡ್ಡಪಟ್ಟಿಗಳ ನಡುವೆ ಮೂರು ಬಿಡಿ ಗಾಜುಗಳನ್ನೂ, ಮೂರನೆಯದಕ್ಕೆ ಒಂದೇ ಹಾಳೆಯೊಳಗೆ ಮೂರು ಸ್ವತಂತ್ರ ವಲಯಗಳಿರುವ ಗಾಜನ್ನೂ ಕೂರಿಸಿದೆವು.

ಮೂರರಲ್ಲೂ ನಡೆಯುವ ಕ್ರಿಯೆ ಒಂದೇ. ಎರಡು ಪಾರದರ್ಶಕ ವಾಹಕ ಪದರಗಳ ನಡುವೆ ಟಂಗ್‌ಸ್ಟನ್ ಆಕ್ಸೈಡಿನ ತೆಳು ಲೇಪವಿರುತ್ತದೆ. ಕೆಲವೇ ವೋಲ್ಟ್ ಕೊಟ್ಟಾಗ ಲಿಥಿಯಂ ಅಯಾನುಗಳೂ ಎಲೆಕ್ಟ್ರಾನುಗಳೂ ಅದರೊಳಗೆ ಸೇರಿ ಲೇಪ ನೀಲಿಗಟ್ಟುತ್ತದೆ. ವೋಲ್ಟೇಜನ್ನು ತಿರುವುಮುರುವು ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಟಂಗ್‌ಸ್ಟನ್ ಆಕ್ಸೈಡಿನ ಈ ಗುಣವನ್ನು ಎಸ್. ಕೆ. ದೇಬ್ ಅವರು 1969ರಲ್ಲಿ ಪ್ರಕಟಿಸಿದ್ದರು. ನಾವು ತಂದ ಗಾಜುಗಳು ತಿಳಿಯಾಗಿದ್ದಾಗ ಸುಮಾರು 60 ಶೇಕಡಾ, ಪೂರ್ತಿ ಕಪ್ಪಾದಾಗ ಸುಮಾರು 1 ಶೇಕಡಾ ಬೆಳಕನ್ನು ಒಳಬಿಡುವಂಥವು.

ಒಂದೇ ಗಾಜಿನ ಕಿಟಕಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಣ್ಣು ಕುಕ್ಕುವ ಬಿಸಿಲನ್ನು ಅದು ಚೆನ್ನಾಗಿಯೇ ತಡೆಯುತ್ತದೆ, ಆದರೆ ಅದರ ಜೊತೆಗೆ ಹಗಲನ್ನೂ ತಡೆದುಬಿಡುತ್ತದೆ. ಸಂಜೆ ಐದಕ್ಕೆ ಹೊರಗೆ ಧಗಧಗಿಸುವ ಬೆಳಕಿದ್ದರೂ ಒಳಗೆ ದೀಪ ಹಾಕಬೇಕಾಯಿತು. ಉಳಿದ ಬೆಳಕೂ ನೀಲಿಯಾದ್ದರಿಂದ, ಆ ಕಿಟಕಿಯ ಪಕ್ಕ ಕೂರುವ ಸಹೋದ್ಯೋಗಿಯ ಅರಿಶಿನ ಬಣ್ಣದ ಸೀರೆ ಮಂಕು ಹಸಿರಾಗಿ ಕಾಣುತ್ತಿತ್ತು. ಅವರೇ ಎದ್ದು ಮೂರನೆಯ ಕಿಟಕಿಯ ಬಳಿ ನಿಂತಾಗ ಸೀರೆಗೆ ತನ್ನ ಬಣ್ಣ ಮರಳಿತು. ಅಲ್ಲಿ ಮೇಲಿನ ವಲಯವೊಂದೇ ಕಪ್ಪಾಗಿತ್ತು. ಸಮಭಾಗದ ಮೂರು ವಲಯಗಳಲ್ಲಿ ಒಂದನ್ನಷ್ಟೇ ಕಪ್ಪಾಗಿಸಿದರೆ ಕಿಟಕಿಯ ಒಟ್ಟು ಬೆಳಕು ಸುಮಾರು 40 ಶೇಕಡಾ ಉಳಿಯುತ್ತದೆ, ಎರಡನ್ನು ಕಪ್ಪಾಗಿಸಿದರೂ 20ಕ್ಕೆ ಇಳಿಯುವುದಿಲ್ಲ. ತಿಳಿಗಾಜಿನಿಂದ ಬರುವ ಬಿಳಿ ಬೆಳಕಿನ ಮುಂದೆ ಕಪ್ಪು ಭಾಗದ ನೀಲಿ ಗಮನಕ್ಕೇ ಬರುವುದಿಲ್ಲ.

ಹಾಗಾದರೆ ಬಿಡಿ ಗಾಜುಗಳೂ ಇದೇ ಕೆಲಸ ಮಾಡಲಾರವೇ? ಮಾಡುತ್ತವೆ, ಒಂದು ವಿಷಯದಲ್ಲಿ ಇನ್ನೂ ಚೆನ್ನಾಗಿ. ವಿದ್ಯುತ್ತು ಗಾಜಿನ ಅಂಚಿನ ವಾಹಕ ಪಟ್ಟಿಯಾದ ಬಸ್ ಬಾರ್‌ನಿಂದ ಹೊರಟು ತೆಳು ವಾಹಕ ಪದರದ ಮೂಲಕ ನಡುವಿಗೆ ತಲುಪಬೇಕು, ದಾರಿ ಉದ್ದವಾದಷ್ಟೂ ವೋಲ್ಟೇಜ್ ಸೋರುತ್ತದೆ. ಆದ್ದರಿಂದಲೇ ಗಾಜು ಅಂಚಿನಿಂದ ಕಪ್ಪಾಗುತ್ತ ನಡುವಿಗೆ ಬರುವುದು ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಬಿಡಿ ಗಾಜುಗಳಲ್ಲಿ ಬಸ್ ಬಾರ್‌ಗಳು ಮೇಲೆ ಕೆಳಗೆ, 80 ಸೆಂಟಿಮೀಟರ್ ಅಂತರದಲ್ಲಿದ್ದವು. ಏಳೆಂಟು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ವಲಯದ ಗಾಜಿನಲ್ಲಿ ಅವು ಎಡಬಲದ ಅಂಚುಗಳಲ್ಲಿ ತುಂಡುತುಂಡಾಗಿದ್ದು, ಅಂತರ 1.2 ಮೀಟರ್ ಆಗಿಯೇ ಉಳಿದಿದ್ದರಿಂದ ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ವಲಯ ಮಾಡಿದ ಮಾತ್ರಕ್ಕೆ ಗಾಜು ಚುರುಕಾಗುವುದಿಲ್ಲ ಎಂಬುದನ್ನು ನಾವು ಹೀಗೆ ಕಲಿತೆವು. ಒಂದು ಗಾಜು ಕೆಟ್ಟರೆ ಅದೊಂದನ್ನೇ ಬದಲಿಸಬಹುದೆಂಬುದೂ ಬಿಡಿ ಗಾಜಿನ ಅನುಕೂಲವೇ. ಆದರೆ ಅಡ್ಡಪಟ್ಟಿಯೊಂದು ಹೆಚ್ಚುಕಡಿಮೆ ಕುಳಿತವರ ಕಣ್ಣಿನ ಮಟ್ಟಕ್ಕೇ ಬಂದು ಎದುರಿನ ಮಳೆಮರವನ್ನು ಎರಡಾಗಿ ಸೀಳಿತು, ನನಗೆ ಅದನ್ನು ಕೊನೆಯವರೆಗೂ ಒಪ್ಪಿಕೊಳ್ಳಲಾಗಲಿಲ್ಲ. ವಲಯದ ಗಾಜಿನಲ್ಲಿ ಗಡಿಯೆಂದರೆ ವಾಹಕ ಪದರದಲ್ಲಿ ಲೇಸರ್‌ನಿಂದ ಕೊರೆದ ಗೆರೆ. ಮೂಗು ತಾಗುವಷ್ಟು ಹತ್ತಿರ ಹೋದರೆ ಕೂದಲೆಳೆಯಂತೆ ಕಾಣುತ್ತದೆ, ಕುರ್ಚಿಯಿಂದ ಕಾಣುವುದಿಲ್ಲ.

ಆ ಗೆರೆ ಎಲ್ಲಿರಬೇಕು ಎಂಬುದೇ ವಿನ್ಯಾಸದ ನಿಜವಾದ ಪ್ರಶ್ನೆ, ನಾವು ಎಡವಿದ್ದೂ ಅಲ್ಲಿಯೇ. ಯೋಚಿಸದೆ ಸಮಭಾಗ ಮಾಡಿಸಿದ್ದರಿಂದ ಗಡಿಗಳು ನೆಲದಿಂದ 1.1 ಮತ್ತು 1.9 ಮೀಟರಿಗೆ ಬಂದವು. ಕುಳಿತವರ ಕಣ್ಣು ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಮಾರ್ಚ್ 20ರ ಆಸುಪಾಸಿನಲ್ಲಿ, ಗಾಜಿನಿಂದ 2 ಮೀಟರ್ ದೂರ ಕುಳಿತವರಿಗೆ ಸಂಜೆ ನಾಲ್ಕಕ್ಕೆ ಸೂರ್ಯ ಗಾಜಿನ ಮೇಲೆ ನೆಲದಿಂದ 2.65 ಮೀಟರ್ ಎತ್ತರದಲ್ಲೂ, ಐದಕ್ಕೆ ಸುಮಾರು 2 ಮೀಟರಿನಲ್ಲೂ, ಐದೂವರೆಗೆ 1.7ರಲ್ಲೂ, ಆರಕ್ಕೆ 1.4ರಲ್ಲೂ ಕಾಣುತ್ತಾನೆ. ಅಂದರೆ ನಿಮಿಷಕ್ಕೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಇಳಿಯುತ್ತಾನೆ. ಗಾಜು ಕಪ್ಪಾಗಲು ಹನ್ನೆರಡು ನಿಮಿಷ ಬೇಕಾದಲ್ಲಿ, ಸೂರ್ಯ ಗಡಿ ದಾಟಿದ ಮೇಲೆ ಆಜ್ಞೆ ಕೊಟ್ಟರೆ ಅಷ್ಟೂ ಹೊತ್ತು ಅವನು ನೇರ ಕಣ್ಣಿಗೇ ಹೊಡೆಯುತ್ತಾನೆ. ಮೊದಲ ವಾರ ನಮಗೆ ಆದದ್ದು ಇದೇ. ಸೂರ್ಯ ಗಡಿಗಿಂತ 20 ಸೆಂಟಿಮೀಟರ್ ಮೇಲಿರುವಾಗಲೇ ಕೆಳವಲಯಕ್ಕೆ ಚಾಲನೆ ಕೊಡುವಂತೆ ಕಂಟ್ರೋಲರನ್ನು ತಿದ್ದಿದ ಮೇಲೆ ದೂರು ನಿಂತಿತು. ಅದಕ್ಕೂ ಮುನ್ನ, ತಂತಿ ಜೋಡಿಸಿದವರು ಮೇಲಿನ ಮತ್ತು ಕೆಳಗಿನ ವಲಯಗಳನ್ನು ಅದಲುಬದಲು ಮಾಡಿದ್ದರಿಂದ ಎರಡು ದಿನ ವ್ಯರ್ಥವಾಗಿತ್ತು. ಪ್ರತಿ ವಲಯಕ್ಕೂ ಬೇರೆ ತಂತಿಜೋಡಿ ಬೇಕಾದಲ್ಲಿ ಚೌಕಟ್ಟು ಮುಚ್ಚುವ ಮೊದಲೇ ಒಂದೊಂದನ್ನೂ ಚಾಲೂ ಮಾಡಿ ನೋಡಲೇಬೇಕು.

ಗ್ರಾಹಕರ ಪಡುವಣ ಗೋಡೆಗೆ ನಾನು ವಲಯದ ಗಾಜನ್ನೇ ಬರೆದುಕೊಟ್ಟಿದ್ದೇನೆ, ಆದರೆ ಸಮಭಾಗವಾಗಿ ಅಲ್ಲ. ಗಡಿಗಳು 1.4 ಮತ್ತು 2.05 ಮೀಟರಿನಲ್ಲಿವೆ. ಕೆಳಗಿನ ದೊಡ್ಡ ಭಾಗ ಹೆಚ್ಚುಕಡಿಮೆ ದಿನವಿಡೀ ತಿಳಿಯಾಗಿರುತ್ತದೆ, ಬಣ್ಣವನ್ನೂ ನೋಟವನ್ನೂ ಅದೇ ಕಾಯುತ್ತದೆ. ಈ ಲೆಕ್ಕ 2 ಮೀಟರ್ ದೂರದ ಮೇಜಿಗೆ ಮಾತ್ರ. 4 ಮೀಟರ್ ಒಳಗೆ ಕುಳಿತವರಿಗೆ ಐದು ಗಂಟೆಯ ಸೂರ್ಯ ಕಿಟಕಿಯ ಮೇಲಂಚಿಗಿಂತ ಮೇಲೆ, ಗೋಡೆಯ ಮರೆಯಲ್ಲಿರುತ್ತಾನೆ, ಐದೂವರೆಗೆ 2.2 ಮೀಟರಿನಲ್ಲಿ ಇಣುಕುತ್ತಾನೆ. ಆದ್ದರಿಂದ ಮೇಜುಗಳ ಜಾಗ ಗುರುತಿಸಿದ ನಕ್ಷೆ ಕೈಸೇರುವವರೆಗೆ ಗಾಜಿಗೆ ಆರ್ಡರ್ ಕೊಡಬೇಡಿರೆಂದು ಅವರಿಗೆ ತಿಳಿಸಿದ್ದೇನೆ.